ಸತ್ಯಾಂಶ: ವೈರಸ್ ಕಾಣಿಸದಿದ್ದರೆ ಮಾತ್ರೆ ಬಿಡಬಹುದೇ?

ರಕ್ತಪರೀಕ್ಷೆಯ ವರದಿಯಲ್ಲಿ ಎಚ್‌ಐವಿ ಕಾಣದಿದ್ದರೆ ಮಾತ್ರೆ ಬಿಟ್ಟು ಕಷಾಯ ಕುಡಿದರೆ ಸಾಕು ಎಂಬ ಸಂದೇಶ, ಅಂಥದೊಂದು ವರದಿಯ ಫೋಟೊ ಸಮೇತ, ಹಾಸನ, ಅರಸೀಕೆರೆ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಸುತ್ತುತ್ತಿರುತ್ತದೆ. ಕಳಿಸುವವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಕಾಣದಿರುವುದು ಬೇರೆ, ಹೋಗಿರುವುದು ಬೇರೆ.

ದಿನಕ್ಕೊಂದು ನುಂಗುವ ಮಾತ್ರೆಯ ಡಬ್ಬಿ ಓದಿ: ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿ.ಗ್ರಾಂ. ಮೊದಲೆರಡು, ವೈರಸ್ಸಿನ ಆರ್‌ಎನ್‌ಎಯನ್ನು ಡಿಎನ್‌ಎ ಮಾಡುವ ಕಿಣ್ವವನ್ನು ತಡೆಯುತ್ತವೆ. ಮೂರನೆಯದು, ಆ ಡಿಎನ್‌ಎಯನ್ನು ನಮ್ಮ ಜೀವಕೋಶದ ಡಿಎನ್‌ಎಗೆ ಹೊಲಿಯುವ ಕಿಣ್ವವನ್ನು. ಮೊದಲೇ ಹೊಲಿದುಕೊಂಡದ್ದನ್ನು ಈ ಮಾತ್ರೆ ಬಿಚ್ಚಲಾರದು. ಅದು ಕೋಶದೊಳಗೆ ಮಲಗಿದ್ದು, ಮಾತ್ರೆ ನಿಲ್ಲಿಸಿದ ಕೆಲವೇ ವಾರಗಳಲ್ಲಿ ಸಾಮಾನ್ಯವಾಗಿ ಏಳುತ್ತದೆ.

ಹಾಗಾಗಿ ಫೋಟೊದಲ್ಲಿನ ವರದಿಯ ದಿನಾಂಕ ನೋಡಿ: ಮಾತ್ರೆ ನಿಲ್ಲಿಸುವ ಮೊದಲಿನದೋ, ತಿಂಗಳುಗಳ ನಂತರದ್ದೋ? ದಿನಾಂಕವಿಲ್ಲದಿದ್ದರೆ ಅದು ಏನನ್ನೂ ಸಾಬೀತು ಮಾಡದು. ಅನುಮಾನವಿದ್ದರೆ ಉಚಿತ ಸಹಾಯವಾಣಿ 1097ಕ್ಕೆ ಕರೆ ಮಾಡಿ.