ಬರ್ಮಾದ ಸಾಮಾನು, ಬ್ರಹ್ಮಪುರದ ಮನೆ

ಎರಡನೆಯ ಮಹಾಯುದ್ಧದ ಸಮವಸ್ತ್ರಗಳನ್ನೂ ಪದಕಗಳನ್ನೂ ಸಂಗ್ರಹಿಸುವವರಿಗೆ ಈ ವಿದ್ಯೆ ಬಲ್ಲವರು ಮೂರು ಶತ್ರುಗಳ ಬಗ್ಗೆ ಎಚ್ಚರಿಕೆ ಹೇಳುತ್ತಾರೆ: ಉಣ್ಣೆಯನ್ನು ತಿನ್ನುವ ನುಸಿ, ಕಬ್ಬಿಣವನ್ನು ತಿನ್ನುವ ತೇವ, ಬಣ್ಣವನ್ನು ತಿನ್ನುವ ಬಿಸಿಲು. ನಾಲ್ಕನೆಯ ಶತ್ರುಗಳಾದ ಮನೆಯವರ ವಿಷಯವನ್ನು ಮಾತ್ರ ಯಾರೂ ಎತ್ತುವುದಿಲ್ಲ. ಬಹುಶಃ ಎಚ್ಚರಿಕೆ ಬರೆಯುವವರು ಅವರ ಎದುರಿಗೇ ಕುಳಿತು ಬರೆಯುತ್ತಿರಬೇಕು. ನಮ್ಮ ಕಲಬುರಗಿಯಲ್ಲಿ ತೇವದ ಭಯವಂತೂ ಇಲ್ಲ. ಮೇ ತಿಂಗಳಲ್ಲಿ ಉಷ್ಣಾಂಶ 43 ಡಿಗ್ರಿ ಮುಟ್ಟುವ ಈ ಊರಿನಲ್ಲಿ ಸಿಪಾಯಿಯ ಚರ್ಮದ ಬೆಲ್ಟು ಹಪ್ಪಳದಂತೆ ಮುರಿದುಹೋಗಬಹುದು, ರಬ್ಬರಿನ ಹಾಸು ಕರಗಿ ಕಪಾಟಿನ ಹಲಗೆಗೆ ಶಾಶ್ವತವಾಗಿ ಅಂಟಿಕೊಳ್ಳಬಹುದು. ಆದರೆ ಇವುಗಳಿಗೆಲ್ಲ ಏನಾದರೊಂದು ಉಪಾಯವಿದೆ. ಬ್ರಹ್ಮಪುರದ ನಮ್ಮ ಮನೆಯ ಹೆಣ್ಣುಮಕ್ಕಳ ಉಪಯೋಗಬುದ್ಧಿಗೆ ಯಾವ ಉಪಾಯವೂ ಇಲ್ಲ.

ನನ್ನ ಸಂಗ್ರಹದ ಬಹುಪಾಲು ಹೈದರಾಬಾದಿನ ಜುಮ್ಮೇರಾತ್ ಬಜಾರಿನಿಂದ ಬಂದದ್ದು. ಗುರುವಾರ ಸೇರುವ ಆ ಸಂತೆಯಲ್ಲಿ ಕೆಟ್ಟ ಫ್ಯಾನು, ಒಂಟಿ ಚಪ್ಪಲಿ, ಕಿವುಡು ರೇಡಿಯೋಗಳ ನಡುವೆ ಒಮ್ಮೊಮ್ಮೆ ಸೈನ್ಯದ ಸಾಮಾನೂ ಕಣ್ಣಿಗೆ ಬೀಳುತ್ತದೆ. ಅದು ಬೀಳುವುದರಲ್ಲಿ ಆಶ್ಚರ್ಯವೇನಿಲ್ಲ. 1939ರಲ್ಲಿ ಎರಡು ಲಕ್ಷದಷ್ಟಿದ್ದ ಭಾರತೀಯ ಸೈನ್ಯ 1945ರ ಹೊತ್ತಿಗೆ ಇಪ್ಪತ್ತೈದು ಲಕ್ಷಕ್ಕೆ ಬೆಳೆದಿತ್ತು. ಕಡ್ಡಾಯ ಭರ್ತಿಯಿಲ್ಲದೆ, ತಾವಾಗಿಯೇ ಸೇರಿದವರ ಸೈನ್ಯ ಅದು. ಅಷ್ಟು ಜನಕ್ಕೂ ಅಂಗಿ, ಚಡ್ಡಿ, ಬೂಟು, ನೀರಿನ ಬಾಟಲಿ, ಹೆಗಲಚೀಲ ಒದಗಿಸಿದ ಸರ್ಕಾರ, ಯುದ್ಧ ಮುಗಿದೊಡನೆ ಮಿಕ್ಕದ್ದನ್ನು ಹರಾಜು ಹಾಕಿತು. ಅದರಲ್ಲಿ ಒಂದಿಷ್ಟು ಸುತ್ತಿ ಸುತ್ತಿ ನನ್ನ ಕೈಗೆ ಬಂದಿದೆ ಎಂಬ ಸಂತೋಷದಲ್ಲಿ ನಾನು ಮೊದಲ ಖಾಕಿ ಅಂಗಿಯನ್ನು ಮನೆಗೆ ತಂದಾಗ ನನ್ನ ಹೆಂಡತಿ ಹೊಸ್ತಿಲಲ್ಲೇ ತಡೆದಳು.

“ಸತ್ತವರ ಅರಿವಿ ಮನ್ಯಾಗ ಇಡಬಾರದ್ರೀ.”

ಆ ಯುದ್ಧದಲ್ಲಿ ಮಡಿದ ಭಾರತೀಯ ಸೈನಿಕರ ಸಂಖ್ಯೆ 87,000ದ ಆಸುಪಾಸು, ಇಪ್ಪತ್ತೈದು ಲಕ್ಷದಲ್ಲಿ ಅದನ್ನು ಕಳೆದರೆ ಈ ಅಂಗಿಯ ಯಜಮಾನ ಜೀವಂತವಾಗಿ ಊರು ಸೇರಿರುವ ಸಂಭವವೇ ಬಹಳ ಹೆಚ್ಚು ಎಂದು ನಾನು ಲೆಕ್ಕ ಒಪ್ಪಿಸಿದೆ. ಅವಳು ತಾಳ್ಮೆಯಿಂದ ಕೇಳಿಸಿಕೊಂಡು, “ಹಂಗಾದ್ರ ಬದುಕಿ ಬಂದ ಮುದುಕನ ಅಂಗಿ ನೀವ್ಯಾಕ ತಂದ್ರಿ? ಅಂವಗ ಚಳಿ ಆಗಂಗಿಲ್ಲೇನು?” ಎಂದಳು. ಅಂಕಿಅಂಶಗಳನ್ನು ಮುಂದಿಟ್ಟು ಮನೆಯಲ್ಲಿ ವಾದ ಗೆದ್ದವರು ಯಾರಾದರೂ ಇದ್ದರೆ ಅವರ ಸಮವಸ್ತ್ರವನ್ನೂ ಸಂಗ್ರಹಿಸಲು ನಾನು ಸಿದ್ಧನಿದ್ದೇನೆ.

ಹೊರಗಿನವರ ಪ್ರಶ್ನೆಗಳು ಬೇರೆ ಬಗೆಯವು. ಭುಜಕ್ಕೆ ಹಾಕುವ ಒಂದು ಹಿತ್ತಾಳೆಯ ಬಿಲ್ಲೆ ನನ್ನಲ್ಲಿದೆ. ಅದರ ಮೇಲೆ ಇಂಗ್ಲಿಷಿನಲ್ಲಿ ‘19 ಹೈದರಾಬಾದ್’ ಎಂದಿದೆ. ಪ್ರತಿವರ್ಷ ಸೆಪ್ಟೆಂಬರ್ 17ರಂದು, ನಿಜಾಮನ ಆಳ್ವಿಕೆಯನ್ನು ಕೊನೆಗಾಣಿಸಿದ 1948ರ ಪೊಲೀಸ್ ಕಾರ್ಯಾಚರಣೆಯ ನೆನಪಿನಲ್ಲಿ ಧ್ವಜ ಏರಿಸುವ ಊರು ನಮ್ಮದು. ಹೈದರಾಬಾದ್ ಎಂದು ಕೊರೆದ ಸೈನ್ಯದ ಬಿಲ್ಲೆಯನ್ನು ಕಂಡರೆ ಇಲ್ಲಿನ ಹಿರಿಯರು ಸುಮ್ಮನಿರಲಾರರು. ನಮ್ಮ ಸೋದರಮಾವ ಅದನ್ನು ಎತ್ತಿಕೊಂಡು, ನಿಜಾಮನ ಫೌಜಿನದನ್ನು ಇಷ್ಟು ಜೋಪಾನವಾಗಿ ಇಟ್ಟಿದ್ದೀಯಲ್ಲ ಎಂದು ಮುಖ ಗಂಟಿಕ್ಕಿದರು. ನಾನು ಅವರನ್ನು ಕೂರಿಸಿ ಎಲ್ಲವನ್ನೂ ಬಿಡಿಸಿ ಹೇಳಿದೆ. ಹತ್ತೊಂಬತ್ತನೆಯ ಹೈದರಾಬಾದ್ ರೆಜಿಮೆಂಟು ನಿಜಾಮನದಲ್ಲ, ಭಾರತೀಯ ಸೈನ್ಯದ್ದು; ಅದರಲ್ಲಿದ್ದವರಲ್ಲಿ ಕುಮಾವೂ ಬೆಟ್ಟದವರು, ಜಾಟರು, ಅಹೀರರೇ ಹೆಚ್ಚು; ನಮ್ಮ ಕೊಡಗಿನ ತಿಮ್ಮಯ್ಯನವರು 1945ರ ಜನವರಿಯಲ್ಲಿ ಬರ್ಮಾದ ಕಂಗಾವ್ ಕದನದಲ್ಲಿ ಮುನ್ನಡೆಸಿ ಡಿಎಸ್‌ಒ ಎಂಬ ಬ್ರಿಟಿಷ್ ಯುದ್ಧಸೇವಾ ಪದಕ ಪಡೆದದ್ದು ಇದೇ ರೆಜಿಮೆಂಟಿನ ಎಂಟನೆಯ ಬೆಟಾಲಿಯನ್ನನ್ನು; ಅದೇ ವರ್ಷದ ಅಕ್ಟೋಬರಿನಲ್ಲಿ ರೆಜಿಮೆಂಟಿನ ಹೆಸರು ಕುಮಾವೂ ಎಂದು ಬದಲಾಯಿತು. ನಿಜಾಮನ ಸೈನ್ಯ ಬೇರೆಯೇ ಇತ್ತು. 1941ರ ಡಿಸೆಂಬರಿನಲ್ಲಿ ಜಪಾನೀಯರು ಮಲಯಾದ ಕೋಟಾ ಬಾರುವಿಗೆ ಬಂದಿಳಿದಾಗ ಅಲ್ಲಿನ ವಿಮಾನ ನಿಲ್ದಾಣವನ್ನು ಕಾಯುತ್ತಿದ್ದದ್ದು ಆ ಸೈನ್ಯದ ಒಂದು ಪಲ್ಟಣ. ಹಾಗಾಗಿ ಇವೆರಡನ್ನೂ ಬೆರೆಸಬಾರದು ಎಂದು ಮುಗಿಸಿದೆ. ಮಾವ ಬಹಳ ಹೊತ್ತು ಯೋಚಿಸಿ, “ಹೈದರಾಬಾದಿಂದು ಅಲ್ಲಂದಮ್ಯಾಲ ಹೈದರಾಬಾದಿಗಿ ಹೋಗಿ ಯಾಕ ತಂದಿ?” ಎಂದರು. ಚಹಾ ಬಂತು, ಚರ್ಚೆ ಅಲ್ಲಿಗೆ ನಿಂತಿತು.

ಇನ್ನು ವಸ್ತುಗಳ ಪಾಡು. ಕಿಟ್‌ಬ್ಯಾಗಿಗೆ ತೊಗರಿಬೇಳೆ ತುಂಬಲಾಯಿತು. ಸಿಪಾಯಿಯ ಊಟದ ಡಬ್ಬಿಗೆ ಬೆಲ್ಲ ಬಂತು. ಇವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ನೀರಿನ ಬಾಟಲಿಯ ಸಂಗತಿ ಇವೆರಡಕ್ಕಿಂತ ವಿಚಿತ್ರವಾದದ್ದು. ಎನಾಮಲ್ ಬಳಿದ ಲೋಹದ ಆ ಬಾಟಲಿಗೆ ಮೇಲೊಂದು ದಪ್ಪ ಉಣ್ಣೆಯ ಹೊದಿಕೆಯಿರುತ್ತದೆ. ಹೊದಿಕೆಯನ್ನು ನೆನೆಸಿದರೆ ಅದರ ನೀರು ಆವಿಯಾಗುತ್ತ ಒಳಗಿನ ನೀರನ್ನು ತಂಪು ಮಾಡುತ್ತದೆ. ಇದನ್ನು ನಾನು ಅತಿಥಿಯೊಬ್ಬರಿಗೆ ವಿವರಿಸುತ್ತಿದ್ದದ್ದು ಅಡುಗೆಮನೆಗೆ ಕೇಳಿಸಿತು. ಮರುದಿನವೇ ಬಾಟಲಿ ಕಪಾಟಿನಿಂದಿಳಿದು ಕಿಟಕಿಯಲ್ಲಿ ನೇತಾಡುತ್ತಿತ್ತು. ಬರ್ಮಾದ ಕಾಡಿನ ತೇವದ ಗಾಳಿಯಲ್ಲಿ ನೀರು ಸುಲಭವಾಗಿ ಆವಿಯಾಗುವುದಿಲ್ಲ. ಕಲಬುರಗಿಯ ಒಣ ಗಾಳಿಯಲ್ಲಿ ಅದಕ್ಕೆ ಅಡ್ಡಿಯೇ ಇಲ್ಲ. ಆದ್ದರಿಂದ ಆ ಬಾಟಲಿ ತನ್ನ ಸೇವಾವಧಿಯ ಶ್ರೇಷ್ಠ ಕೆಲಸವನ್ನು ಯಾವ ರಣರಂಗದಲ್ಲೂ ಮಾಡದೆ ನಮ್ಮ ಅಡುಗೆಮನೆಯಲ್ಲಿ ಮಾಡುತ್ತಿದೆ ಎಂದು ಒಪ್ಪಲೇಬೇಕಾಗಿದೆ.

ಮಹಾನವಮಿಯ ಖಂಡೆಪೂಜೆಯಂದು ನಡೆದದ್ದು ಸ್ವಲ್ಪ ಗಂಭೀರವಾದ ಸಂಗತಿ. ನನ್ನಲ್ಲಿರುವ ಅತ್ಯಂತ ಬೆಲೆಯುಳ್ಳ ವಸ್ತುವೆಂದರೆ ಬರ್ಮಾದ ರಣರಂಗದಲ್ಲಿದ್ದವರಿಗೆ ಕೊಟ್ಟ ಬರ್ಮಾ ಸ್ಟಾರ್ ಪದಕ. ತಾಮ್ರ ಮತ್ತು ಸತುವಿನ ಮಿಶ್ರಲೋಹದ, ಆರು ಮೂಲೆಗಳ ನಕ್ಷತ್ರ ಅದು. ನಡುವೆ ದೊರೆಯ ಮುದ್ರಾಕ್ಷರ, ಅದರ ಮೇಲೊಂದು ಕಿರೀಟ, ಮೇಲ್ಗಡೆ ನೀಲಿ, ಕೆಂಪು, ಕಿತ್ತಳೆ ಬಣ್ಣದ ರಿಬ್ಬನ್. ಈ ನಕ್ಷತ್ರಪದಕಗಳನ್ನು ಬ್ರಿಟಿಷ್ ಸೈನಿಕರಿಗೆ ಹೆಸರು ಕೊರೆಯದೆ ಹಾಗೆಯೇ ಕೊಟ್ಟರೆ, ಭಾರತೀಯ ಸೈನಿಕರಿಗೆ ಅವರ ನಂಬರು, ಹುದ್ದೆ, ಹೆಸರು, ಪಲ್ಟಣಗಳನ್ನು ಕೊರೆದು ಕೊಡಲಾಯಿತು. ಬೇರೆ ಯಾವ ವಿಷಯದಲ್ಲೂ ಬ್ರಿಟಿಷರು ನಮ್ಮವರನ್ನು ಗುರುತಿಟ್ಟುಕೊಳ್ಳಲು ಅಷ್ಟು ಶ್ರಮಪಟ್ಟಂತೆ ಕಾಣುವುದಿಲ್ಲ. ಇಂಥ ಪದಕದ ಮೇಲೆ ಎಪ್ಪತ್ತೆಂಬತ್ತು ವರ್ಷಗಳಲ್ಲಿ ಕೂಡುವ ಕಂದು ಲೇಪವನ್ನು ಉಗುರಿನಿಂದಲೂ ಕೆರೆಯಬಾರದು. ತಿಕ್ಕಿದಷ್ಟೂ ಅಕ್ಷರ ಸವೆಯುತ್ತದೆ, ಬೆಲೆ ಇಳಿಯುತ್ತದೆ. ಹಬ್ಬದ ಮುನ್ನಾದಿನ ಅವ್ವ ದೇವರ ಸಾಮಾನುಗಳ ಜೊತೆಗೆ ಅದನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಬೆಳಿಗ್ಗೆ ನಾನು ಎದ್ದು ನೋಡುವಾಗ ಪದಕವು ಸಮಯಿಗೂ ಆರತಿತಟ್ಟೆಗೂ ನಡುವೆ ವಿಭೂತಿ, ಕುಂಕುಮ ಧರಿಸಿ, ಅವೆರಡನ್ನೂ ಮಂಕಾಗಿಸುವಂತೆ ಹೊಳೆಯುತ್ತಿತ್ತು. ಉಕ್ಕಿನ ಟೊಪ್ಪಿಗೆಗೂ ಮೂರು ಬೆರಳಿನ ವಿಭೂತಿ ಬಿದ್ದಿತ್ತು.

“ಎಷ್ಟು ಹೊಲಸಾಗಿತ್ತಪ್ಪ, ಯುದ್ಧ ಮಾಡಿದಾಂವ ಹಿಂಗ ಇಟ್ಕೋತಾನೇನು?” ಎಂದಳು ಅವ್ವ.

ಇಲ್ಲಿ ನನ್ನ ಬಾಯಿ ಕಟ್ಟಿಹೋಯಿತು, ಏಕೆಂದರೆ ಯುದ್ಧ ಮಾಡಿದವನು ಹಾಗೆ ಇಟ್ಟುಕೊಳ್ಳುತ್ತಿರಲೇ ಇಲ್ಲ. ಸಿಪಾಯಿಗಳು ಹಿತ್ತಾಳೆಯ ಗುಂಡಿ, ಬಕಲುಗಳನ್ನು ದಿನವೂ ತಿಕ್ಕಿ ಬೆಳಗಬೇಕಿತ್ತು. ಪಾಲಿಶು ಬಟ್ಟೆಗೆ ತಾಗಬಾರದೆಂದು ಗುಂಡಿಯ ಕೆಳಗೆ ತೂರಿಸುವ, ಸೀಳು ಬಿಟ್ಟ ಒಂದು ತಗಡಿನ ಪಟ್ಟಿಯನ್ನೂ ಸೈನ್ಯವೇ ರೂಢಿಗೆ ತಂದಿತ್ತು. ಅಂಥ ಪಟ್ಟಿಯೊಂದು ನನ್ನ ಸಂಗ್ರಹದಲ್ಲಿಯೂ ಇದೆ. ಅದನ್ನು ನಾನು ಬಳಸದೆ ಕಾಪಾಡುತ್ತಿದ್ದೇನೆ. ಯಾವ ಕಿಲುಬಿಗಾಗಿ ಹವಾಲ್ದಾರನು ಸಿಪಾಯಿಗೆ ಶಿಕ್ಷೆ ಕೊಡುತ್ತಿದ್ದನೋ ಅದೇ ಕಿಲುಬಿಗೆ ನಾವು ದುಡ್ಡು ಕೊಡುತ್ತೇವೆ. ಸೈನ್ಯದ ನಿಯಮಾವಳಿಯ ಪ್ರಕಾರ ನೋಡಿದರೆ ಮನೆಯಲ್ಲಿ ಶಿಸ್ತು ಉಳಿಸಿಕೊಂಡವಳು ಅವ್ವ ಒಬ್ಬಳೇ.

ಕೋಟಿನ ವಿಷಯಕ್ಕೆ ಬರುತ್ತೇನೆ. ಅದು ಮೊಣಕಾಲಿನ ಕೆಳಗಿನವರೆಗೆ ಬರುವ, ಇಟಲಿಯಂಥ ಚಳಿಯ ರಣರಂಗಕ್ಕೆ ಹೋದವರು ಹಾಕುತ್ತಿದ್ದ, ದಪ್ಪ ಉಣ್ಣೆಯ ಗ್ರೇಟ್‌ಕೋಟು. ನುಸಿಯ ಮರಿಹುಳಗಳು ಹತ್ತಿಯನ್ನು ಬಿಟ್ಟು ಉಣ್ಣೆಯನ್ನೇ ಹುಡುಕಿ ತಿನ್ನುತ್ತವೆಯಾದ್ದರಿಂದ ಅದಕ್ಕೆ ಡಾಂಬರು ಗುಳಿಗೆಯನ್ನಿಟ್ಟು, ಆಗಾಗ ಮಾಳಿಗೆಯ ಮೇಲೆ ನೆರಳಿನಲ್ಲಿ ಗಾಳಿಗೆ ಹಾಕುತ್ತಿದ್ದೆ. ಒಂದು ಡಿಸೆಂಬರಿನಲ್ಲಿ ಆಳಂದದ ಕಡೆಯಿಂದ ನಮ್ಮ ಕಾಕಾ ಬಂದಿದ್ದರು. ರಾತ್ರಿಯ ಬಸ್ಸಿಗೆ ಹೊರಡುವಾಗ ಚಳಿ ಹೆಚ್ಚಾಯಿತೆಂದು ಅವ್ವ ಆ ಕೋಟನ್ನು ಅವರಿಗೆ ಹೊದಿಸಿ ಕಳುಹಿಸಿದಳು. ಆಮೇಲೆ ಅದು ತೊಗರಿಯ ರಾಶಿ ಕಾಯುವ ಕೆಲಸಕ್ಕೆ ಸೇರಿತು. ಕಾಡುಹಂದಿಗಳು ಅದನ್ನು ಕಂಡು ಈಚೆ ಸುಳಿಯುವುದಿಲ್ಲವಂತೆ. ಗುಳಿಗೆಯ ವಾಸನೆಗಿರಬೇಕು ಎಂದು ನನ್ನ ಅಂದಾಜು. ಸೈನಿಕನೆಂದು ಜನರನ್ನು ನಂಬಿಸುವ ಉದ್ದೇಶದಿಂದ ಸೈನಿಕನ ಉಡುಪು ಧರಿಸಿದರೆ ಭಾರತೀಯ ನ್ಯಾಯ ಸಂಹಿತೆಯ 168ನೆಯ ಕಲಮಿನ ಪ್ರಕಾರ ಮೂರು ತಿಂಗಳವರೆಗೆ ಶಿಕ್ಷೆಯಾಗಬಹುದು ಎಂದು ಕಾಕಾ ಅವರನ್ನು ಹೆದರಿಸಿ ನೋಡಿದೆ. ಹಂದಿಗಳನ್ನು ನಂಬಿಸುವುದು ಆ ಕಲಮಿನಲ್ಲಿ ಬರುವುದಿಲ್ಲವೆಂಬುದು ಅವರಿಗೂ ತಿಳಿದಿತ್ತು.

ಅಣ್ಣನ ಮಗನ ಶಾಲೆಯಲ್ಲಿ ಛದ್ಮವೇಷ ಸ್ಪರ್ಧೆ ನಡೆದಾಗ ಖಾಕಿ ಅಂಗಿಗೂ ಕೆಲಸ ಬಂತು. ಅವನು ನೇತಾಜಿಯಾಗಬೇಕಿತ್ತು. ಬ್ರಿಟಿಷ್ ಕಿರೀಟದ ಗುಂಡಿಗಳಿರುವ ಅಂಗಿಯಲ್ಲಿ ನೇತಾಜಿಯೇ ಎಂದು ನಾನು ಬಹಳ ವಿರೋಧಿಸಿದೆ. ವೈನಿ ಆ ಗುಂಡಿಗಳನ್ನು ನೋಡಿ, “ಎಷ್ಟು ಚಂದ ಅದಾವ” ಎಂದು ಸುಮ್ಮನಾದರು. ಆಮೇಲೆ ಯೋಚಿಸಿದಾಗ ವೈನಿಯದೇ ಹೆಚ್ಚು ಸರಿಯೆನಿಸಿತು. 1942ರ ಫೆಬ್ರವರಿ 15ರಂದು ಸಿಂಗಪುರ ಬಿದ್ದಾಗ ಸೆರೆಸಿಕ್ಕ ಭಾರತೀಯ ಸೈನಿಕರಿಂದಲೇ ಆಜಾದ್ ಹಿಂದ್ ಫೌಜು ಮೊದಲಿಗೆ ಬಹುಮಟ್ಟಿಗೆ ಕಟ್ಟಲ್ಪಟ್ಟಿತು. ಅವರ ಮೈಮೇಲೆ ಇದ್ದದ್ದು ಬ್ರಿಟಿಷರು ಕೊಟ್ಟಿದ್ದ ಖಾಕಿಯೇ, ಕೈಯಲ್ಲಿ ಇದ್ದದ್ದೂ ಬ್ರಿಟಿಷ್ ಬಂದೂಕುಗಳೇ. ಇದನ್ನು ಸಭೆಯಲ್ಲಿ ಹೇಳಿಬಿಡೋಣವೆಂದು ನಾನು ಎದ್ದು ನಿಂತೆ. ಅಷ್ಟರಲ್ಲಿ ಮೊಣಕಾಲಿಗಿಳಿದ ಅಂಗಿಯ ಅಂಚನ್ನು ತುಳಿದು ನೇತಾಜಿ ಮೆಟ್ಟಿಲಲ್ಲಿ ಮುಗ್ಗರಿಸಿ ಅಳತೊಡಗಿದ್ದರು. ಮೊದಲ ಬಹುಮಾನ ಅಕ್ಕಮಹಾದೇವಿಗೆ ಹೋಯಿತು.

ಈಚೆಗೆ ಪುಣೆಯಿಂದ ಒಬ್ಬ ಹಳೆಯ ಸಂಗ್ರಾಹಕರು ನನ್ನ ಸಂಗ್ರಹ ನೋಡಲು ಬರುತ್ತೇನೆಂದು ತಿಳಿಸಿದರು. ಹಿಂದಿನ ರಾತ್ರಿ ನಾವೆಲ್ಲ ಸೇರಿ ಮನೆಯ ಮೂಲೆಮೂಲೆಗಳಿಂದ ಎರಡನೆಯ ಮಹಾಯುದ್ಧವನ್ನು ಒಟ್ಟುಗೂಡಿಸಿದೆವು: ಬೇಳೆ ಡ್ರಮ್ಮಿಗೆ ಹೋಯಿತು, ಬೆಲ್ಲ ಸ್ಟೀಲಿನ ಡಬ್ಬಿಗೆ ಹೋಯಿತು, ಟೊಪ್ಪಿಗೆಯ ವಿಭೂತಿ ಒರೆಸಲಾಯಿತು. ಬಂದವರು ಬೆಲ್ಲದ ಡಬ್ಬಿಯನ್ನು ಹೊರಳಿಸಿ, ತಳದಲ್ಲಿದ್ದ ಸರ್ಕಾರಿ ಬಾಣದ ಗುರುತನ್ನು ಭೂತಗನ್ನಡಿಯಲ್ಲಿ ನೋಡಿ, ಅದಕ್ಕೊಂದು ಬೆಲೆ ಹೇಳಿದರು. ಪದಕವನ್ನು ತಿಕ್ಕಲಾಗಿದೆ ಎಂದು ನಿಟ್ಟುಸಿರುಬಿಟ್ಟರೂ ಹೆಸರಿನ ಅಕ್ಷರಗಳು ಉಳಿದಿವೆಯೆಂದು ಅದಕ್ಕೂ ಬೆಲೆ ಹೇಳಿದರು. ನನ್ನ ಹೆಂಡತಿ ಉಪ್ಪಿಟ್ಟಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತವಳು ನಿಂತೇ ಇದ್ದಳು. ನಾನು ಯಾವುದನ್ನೂ ಮಾರಲಿಲ್ಲ. ಅವರು ಉಪ್ಪಿಟ್ಟು ತಿಂದು ಹೊರಟುಹೋದರು.

ಅಂದಿನಿಂದ ಕಪಾಟಿಗೆ ಬೀಗ ಬಿದ್ದಿದೆ. ಕೀಲಿಕೈ ಅವ್ವನ ಸೊಂಟದಲ್ಲಿದೆ. ಪದಕ ನೋಡಬೇಕೆಂದು ಕೇಳಿದರೆ, “ಯಾಕ ಬೇಕು? ಮೊನ್ನೆರ ನೋಡೀದಿಲ್ಲ?” ಎನ್ನುತ್ತಾಳೆ, ಕೊಟ್ಟರೂ ಕೈತೊಳೆದುಕೊಂಡು ಬಾ ಎನ್ನುತ್ತಾಳೆ. ಕೋಟೂ ಮರಳಿ ಬರಬೇಕೆಂದು ಅವಳೇ ಕಾಕಾ ಅವರಿಗೆ ಫೋನು ಮಾಡಿದಳು. ರಾಶಿ ಮುಗಿಯುವ ತನಕ ಕೋಟನ್ನು ಕೊಡಲಾಗುವುದಿಲ್ಲವೆಂದೂ, ಅದೇ ಜೋಡಿಯ ಪ್ಯಾಂಟು ಮನೆಯಲ್ಲಿದ್ದರೆ ಬಸ್ಸಿನ ಕೈಯಲ್ಲಿ ಕಳುಹಿಸಬೇಕೆಂದೂ ಕಾಕಾ ಹೇಳಿದ್ದಾರೆ.