ಯುದ್ಧ ಮುಗಿದ ಮೇಲೆ ಪಂಪ್‌ಹೌಸ್ ನಡೆಸುವವರು ಯಾರು?

ಉಕ್ರೇನ್ ಬಗ್ಗೆ, ಗಾಜಾ ಬಗ್ಗೆ ಈಗ ಎಲ್ಲಿ ನೋಡಿದರೂ ಪುನರ್ನಿರ್ಮಾಣದ ಮಾತು. ಇಷ್ಟು ಬಿಲಿಯನ್ ಡಾಲರ್ ಬೇಕು, ಇಷ್ಟು ವರ್ಷ ಹಿಡಿಯುತ್ತದೆ, ಸಮುದ್ರದ ದಡದಲ್ಲಿ ಇಂಥಿಂಥ ಟವರ್ ಏಳುತ್ತವೆ ಅಂತ ಕಂಪ್ಯೂಟರ್‌ನಲ್ಲಿ ಮಾಡಿದ ಚಿತ್ರಗಳು ಬೇರೆ. ಅವನ್ನು ನೋಡಿದಾಗಲೆಲ್ಲ ನನಗೆ ಅಮೆರಿಕ ಇರಾಕ್ ಮೇಲೆ ದಾಳಿ ಮಾಡಿದ 2003ರ ಬಾಗ್ದಾದ್ ನೆನಪಾಗುತ್ತದೆ, ಸಿಟ್ಟು ಬರುತ್ತದೆ. ಒಂದು ದೇಶವನ್ನು ಮತ್ತೆ ಕಟ್ಟುವವರು ಮೊದಲು ಯೋಚಿಸಬೇಕಾದ್ದು ಅಲ್ಲಿನ ಆಫೀಸು, ಶಾಲೆ, ಪಂಪ್‌ಹೌಸ್‌ಗಳಲ್ಲಿ ನಿನ್ನೆಯವರೆಗೆ ಕೆಲಸ ಮಾಡುತ್ತಿದ್ದ ಜನರ ಬಗ್ಗೆ. ಅವರು ನಾಳೆ ಕೆಲಸಕ್ಕೆ ಬರ್ತಾರಾ? ಸಂಬಳ ಸಿಗುತ್ತಾ? ಸಿಮೆಂಟು, ಕಬ್ಬಿಣ ಎಲ್ಲ ಆಮೇಲೆ.

ಇರಾಕ್‌ಗೆ ಅಮೆರಿಕದ ಹತ್ತಿರ ಯೋಜನೆಯೇ ಇರಲಿಲ್ಲ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಇತ್ತು. 2002ರಲ್ಲೇ ಅವರ ವಿದೇಶಾಂಗ ಇಲಾಖೆ ‘ಫ್ಯೂಚರ್ ಆಫ್ ಇರಾಕ್’ ಅಂತ ಹೆಸರಿಟ್ಟು, ದೇಶ ಬಿಟ್ಟು ಹೊರಗಿದ್ದ ಇರಾಕಿ ವಕೀಲರು, ಎಂಜಿನಿಯರ್‌ಗಳು, ಡಾಕ್ಟರ್‌ಗಳನ್ನು ಕೂರಿಸಿಕೊಂಡು, ಕೋರ್ಟು, ನೀರು, ಬೇಸಾಯ, ತೈಲ ಅಂತ ಒಂದೊಂದಕ್ಕೂ ಗುಂಪು ಮಾಡಿ ನೂರಾರು ಪುಟ ಬರೆಸಿತ್ತು. ಸರ್ಕಾರ ಬಿದ್ದ ಕೂಡಲೇ ಲೂಟಿ ಆಗಬಹುದು ಅನ್ನುವ ಎಚ್ಚರಿಕೆಯೂ ಅದರಲ್ಲಿತ್ತು. ಆದರೆ ಯುದ್ಧದ ಲಗಾಮು ಇದ್ದದ್ದು ರಕ್ಷಣಾ ಇಲಾಖೆಯ ಕೈಯಲ್ಲಿ. ಎರಡೂ ಇಲಾಖೆಗಳದು ಎಣ್ಣೆ ಸೀಗೆಕಾಯಿ ಸಂಬಂಧ. 2003ರ ಜನವರಿಯಲ್ಲಿ, ಯುದ್ಧಕ್ಕೆ ಇನ್ನು ಎರಡೇ ತಿಂಗಳು ಇದ್ದಾಗ, ರಕ್ಷಣಾ ಇಲಾಖೆ ತನ್ನದೇ ಒಂದು ಪುನರ್ನಿರ್ಮಾಣ ಕಚೇರಿ ತೆರೆದು ನಿವೃತ್ತ ಜನರಲ್ ಜೇ ಗಾರ್ನರ್ ಅವರಿಗೆ ವಹಿಸಿತು. ಹಳೆಯ ಯೋಜನೆ ನಡೆಸಿದ್ದ ಥಾಮಸ್ ವಾರಿಕ್ ಅವರನ್ನು ಗಾರ್ನರ್ ತಮ್ಮ ತಂಡಕ್ಕೆ ಕರೆದುಕೊಂಡರು. ಅವರನ್ನು ಬಿಟ್ಟುಬಿಡಿ ಅಂತ ರಕ್ಷಣಾ ಸಚಿವ ರಮ್ಸ್‌ಫೆಲ್ಡ್ ಅವರಿಂದ ಸೂಚನೆ ಬಂತು. ಕೆಲಸ ಗೊತ್ತಿದ್ದವರನ್ನು ಹೊರಗೆ ಹಾಕುವುದು ವಾಷಿಂಗ್ಟನ್‌ನಲ್ಲೇ ಶುರುವಾಯಿತು ನೋಡಿ.

ಏಪ್ರಿಲ್ 9ಕ್ಕೆ ಬಾಗ್ದಾದ್ ಬಿತ್ತು. ಲೂಟಿ ಶುರುವಾಯಿತು. 23 ಸಚಿವಾಲಯಗಳಲ್ಲಿ 17 ಹಾಳಾದವು. ಕುರ್ಚಿ, ಫ್ಯಾನು, ಎಸಿ ಹೋಗಿದ್ದು ಬಿಡಿ, ಗೋಡೆಯೊಳಗಿನ ವೈರನ್ನೂ ಕಿತ್ತುಕೊಂಡು ಹೋದರು. ಹೈಟೆನ್ಷನ್ ಟವರ್‌ಗಳನ್ನು ಉರುಳಿಸಿ ತಂತಿ ಬಿಚ್ಚಿ ಕರಗಿಸಿ ಮಾರಿದರು. ರಾಷ್ಟ್ರೀಯ ಗ್ರಂಥಾಲಯ ಸುಟ್ಟಿತು. ಮ್ಯೂಸಿಯಂನಿಂದ ಸುಮಾರು 15,000 ವಸ್ತುಗಳು ಹೋದವು. ಅಮೆರಿಕದ ಸೈನಿಕರು ಬಿಗಿ ಕಾವಲು ಹಾಕಿದ್ದು ತೈಲ ಸಚಿವಾಲಯಕ್ಕೆ. ಇದರಲ್ಲಿ ಜನರ ಕಣ್ಣಿಗೆ ಬಿದ್ದದ್ದು ಮ್ಯೂಸಿಯಂ. ಆದರೆ ಸಚಿವಾಲಯಗಳಲ್ಲಿ ಸುಟ್ಟುಹೋದ ಫೈಲುಗಳ ಬಗ್ಗೆಯೂ ಯೋಚನೆ ಮಾಡಿ. ಯಾರಿಗೆ ಎಷ್ಟು ಸಂಬಳ, ಯಾವ ಪೈಪು ಎಲ್ಲಿ ಹೋಗಿದೆ, ಯಾವ ಜಮೀನು ಯಾರದ್ದು, ಇವೆಲ್ಲ ಇದ್ದದ್ದು ಆ ಕಾಗದಗಳಲ್ಲಿ. ಕಾಗದ ಹೋದ ಮೇಲೆ ಉಳಿದದ್ದು ಆ ಫೈಲು ಬರೆದ ಗುಮಾಸ್ತರ ತಲೆಯೊಳಗಿನ ಲೆಕ್ಕ ಮಾತ್ರ.

ಗಾರ್ನರ್ ಅವರಿಗೆ ಇದು ಸ್ವಲ್ಪ ಮಟ್ಟಿಗಾದರೂ ಅರ್ಥವಾಗಿತ್ತು ಅನ್ನಿಸುತ್ತದೆ. ನೌಕರರು ಮನೆಯಲ್ಲಿ ಕೂರಬಾರದು ಅಂತ ತಲಾ 20 ಡಾಲರ್ ತುರ್ತು ಹಣ ಕೊಡುವ ಏರ್ಪಾಡು ಅವರ ತಂಡ ಮಾಡಿತ್ತು. ಇರಾಕಿ ಸೈನಿಕರನ್ನು ಮನೆಗೆ ಕಳಿಸದೆ, ಸಂಬಳ ಕೊಟ್ಟು ರಸ್ತೆ, ಸೇತುವೆ ಕೆಲಸಕ್ಕೆ ಹಚ್ಚಬೇಕು ಅನ್ನುವುದೂ ಅವರ ಯೋಜನೆಯಲ್ಲಿತ್ತು. ಆದರೆ ಮೇ 12ಕ್ಕೆ ಅವರ ಜಾಗಕ್ಕೆ ಪಾಲ್ ಬ್ರೆಮರ್ ಬಂದರು. ಮೇ 16ಕ್ಕೆ ಮೊದಲ ಆದೇಶ: ಇರಾಕ್ ಆಳುತ್ತಿದ್ದ ಸದ್ದಾಂ ಹುಸೇನ್ ಅವರ ಬಾತ್ ಪಕ್ಷದ ಮೇಲಿನ ನಾಲ್ಕು ದರ್ಜೆಯವರಿಗೆ ಸರ್ಕಾರಿ ಕೆಲಸ ಇಲ್ಲ. ಸದ್ದಾಂ ಕಾಲದಲ್ಲಿ ಪಕ್ಷದ ಕಾರ್ಡ್ ಇಲ್ಲದೆ ಮೇಲೆ ಬರೋದೇ ಕಷ್ಟವಿತ್ತು. ಹಾಗಾಗಿ ಕೊಲೆಗಡುಕರ ಜೊತೆ ಸಾವಿರಾರು ಮೇಷ್ಟ್ರುಗಳು, ಡಾಕ್ಟರ್‌ಗಳು, ಎಂಜಿನಿಯರ್‌ಗಳೂ ಬೀದಿಗೆ ಬಿದ್ದರು. ಮೇ 23ಕ್ಕೆ ಎರಡನೇ ಆದೇಶ: ಸೇನೆಯೇ ರದ್ದು. ಸುಮಾರು 3,85,000 ಜನರ ಕೆಲಸ ಒಂದು ಸಹಿಗೆ ಹೋಯಿತು. ಕೈಯಲ್ಲಿ ಬಂದೂಕು, ಮನೆಯಲ್ಲಿ ಹಸಿದ ಮಕ್ಕಳು, ಮನಸ್ಸಿನಲ್ಲಿ ಅವಮಾನ. ಸಂಬಳ ಕೇಳಿಕೊಂಡು ಅವರು ಬಾಗ್ದಾದ್‌ನಲ್ಲಿ ಮೆರವಣಿಗೆ ಮಾಡಿದರು, ಜೂನ್‌ನಲ್ಲಿ ಅಂಥದೇ ಒಂದು ಪ್ರತಿಭಟನೆಯಲ್ಲಿ ಗುಂಡು ಹಾರಿ ಇಬ್ಬರು ಸತ್ತರು. ಅದಾದ ಮೇಲೆ ಮಾಸಿಕ ಹಣ ಕೊಡ್ತೀವಿ ಅಂದರು. ಅಷ್ಟು ಹೊತ್ತಿಗೆ ಎಷ್ಟೋ ಜನ ಬಂಡುಕೋರರ ಜೊತೆ ಸೇರಿಯಾಗಿತ್ತು.

ಜರ್ಮನಿಯಲ್ಲೂ ಹಿಟ್ಲರ್ ಸೇನೆಯನ್ನು ರದ್ದು ಮಾಡಿದರಲ್ಲ, ಅಲ್ಲಿ ಯಾಕೆ ಹೀಗಾಗಲಿಲ್ಲ ಅಂತ ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆಯೇ. ಜರ್ಮನ್ ಸೈನಿಕರು ಶರಣಾಗಿ ಲಕ್ಷಗಟ್ಟಲೆ ಜನ ಸೆರೆಯಲ್ಲಿದ್ದರು, ಮತ್ತು ಯುದ್ಧ ಮುಗಿದಾಗ ಅಮೆರಿಕವೊಂದೇ ಸುಮಾರು 16 ಲಕ್ಷ ಸೈನಿಕರನ್ನು ಅಲ್ಲಿಟ್ಟಿತ್ತು. ಇರಾಕ್‌ನಲ್ಲಿ ಇದ್ದವರು ಸುಮಾರು ಒಂದೂವರೆ ಲಕ್ಷ. ಇನ್ನೊಂದು ವಿಷಯ, ಗೆದ್ದ ದೇಶವನ್ನು ಆಮೇಲೆ ನಡೆಸುವುದು ಹೇಗೆ ಅಂತ ಕಲಿಸಲು ವರ್ಜೀನಿಯಾದ ಶಾರ್ಲಟ್ಸ್‌ವಿಲ್‌ನಲ್ಲಿ ಅಮೆರಿಕ ಸೇನೆ ಶಾಲೆ ತೆರೆದದ್ದು 1942ರಲ್ಲಿ. ಯುದ್ಧ ಗೆಲ್ತೀವೋ ಇಲ್ಲವೋ ಅನ್ನುವುದೇ ಗೊತ್ತಿಲ್ಲದ ಕಾಲ ಅದು!

ಎರಡನೇ ಮಹಾಯುದ್ಧದ ನಂತರ ಯುರೋಪನ್ನು ಮತ್ತೆ ಕಟ್ಟಲು ಅಮೆರಿಕ ಹಣ ಕೊಟ್ಟ ಮಾರ್ಷಲ್ ಪ್ಲಾನ್ ಹೆಸರನ್ನು ಎಲ್ಲರೂ ಹೇಳುತ್ತಾರೆ, ಅದು ನಡೆದ ರೀತಿ ಮಾತ್ರ ಯಾರಿಗೂ ಬೇಡ. ಒಟ್ಟು ಸುಮಾರು 13 ಬಿಲಿಯನ್ ಡಾಲರ್, 16 ದೇಶ, ಜಾಸ್ತಿ ಪಾಲು ಹೋದದ್ದು ಬ್ರಿಟನ್‌ಗೆ. 1947ರ ಜೂನ್ 5ರಂದು ಹಾರ್ವರ್ಡ್‌ನಲ್ಲಿ ಮಾತಾಡುವಾಗ ಅಮೆರಿಕದ ವಿದೇಶಾಂಗ ಸಚಿವ ಜಾರ್ಜ್ ಮಾರ್ಷಲ್, ಯೋಜನೆಯನ್ನು ಯುರೋಪಿನವರೇ ಮಾಡಬೇಕು, ಅದನ್ನು ಬರೆಯುವ ಕೆಲಸ ನಮ್ಮದಲ್ಲ ಅಂತ ಹೇಳಿದ್ದರು. ಆ ದೇಶಗಳು ಪ್ಯಾರಿಸ್‌ನಲ್ಲಿ ಸೇರಿ ತಮಗೇನು ಬೇಕು ಅಂತ ತಾವೇ ಲೆಕ್ಕ ಹಾಕಿದವು. ಹಣದ ದಾರಿಯೂ ಚೆನ್ನಾಗಿತ್ತು. ಫ್ರಾನ್ಸಿನ ರೈತನಿಗೆ ಟ್ರ್ಯಾಕ್ಟರ್ ಅಮೆರಿಕದಿಂದ ಬರುತ್ತಿತ್ತು, ಆದರೆ ಅವನು ಅದಕ್ಕೆ ತನ್ನ ದೇಶದ ಫ್ರಾಂಕ್‌ನಲ್ಲಿ ದುಡ್ಡು ಕಟ್ಟುತ್ತಿದ್ದ. ಆ ಫ್ರಾಂಕ್ ಅಮೆರಿಕಕ್ಕೆ ಹೋಗುತ್ತಿರಲಿಲ್ಲ. ಅಲ್ಲೇ ಒಂದು ನಿಧಿಗೆ ಸೇರಿ, ಅಲ್ಲಿನ ರೈಲು, ಗಣಿ, ವಿದ್ಯುತ್ ಕೆಲಸಕ್ಕೆ ಖರ್ಚಾಗುತ್ತಿತ್ತು. ಜರ್ಮನಿಯಲ್ಲಿ ಇಂಥದೇ ಹಣ ಹಿಡಿದು 1948ರಲ್ಲಿ ಶುರುವಾದ ಕೆಎಫ್‌ಡಬ್ಲ್ಯು ಬ್ಯಾಂಕ್ ಇವತ್ತಿಗೂ ಸಾಲ ಕೊಡುತ್ತಿದೆ.

ಇರಾಕ್‌ಗೆ ಹಣ ಕಮ್ಮಿ ಆಯಿತಾ? ಇಲ್ಲ. ಅಮೆರಿಕದ ಪುನರ್ನಿರ್ಮಾಣ ಖರ್ಚು ಸುಮಾರು 60 ಬಿಲಿಯನ್ ಡಾಲರ್ ಮುಟ್ಟಿತು. ಫಲ್ಲೂಜಾದ ಒಳಚರಂಡಿ ನೀರಿನ ಸಂಸ್ಕರಣಾ ಘಟಕವನ್ನೇ ತೆಗೆದುಕೊಳ್ಳಿ. 2004ರಲ್ಲಿ ಅಂದಾಜು 3.25 ಕೋಟಿ ಡಾಲರ್, ಇಡೀ ಊರಿಗೆ ಸಾಕಾಗಬೇಕಿತ್ತು. ಒಂದು ಕಡೆ ಗುಂಡಿನ ಚಕಮಕಿ, ಇನ್ನೊಂದು ಕಡೆ ಹಳ್ಳ ತೋಡುವ ಕೆಲಸ. ಕೊನೆಗೆ ಖರ್ಚು 10 ಕೋಟಿ ದಾಟಿತು, ಸಂಪರ್ಕ ಸಿಕ್ಕಿದ್ದು ಊರಿನ ಒಂದು ಭಾಗಕ್ಕೆ. ಇದನ್ನೆಲ್ಲ ಬಯಲಿಗೆ ತಂದದ್ದು ವಿಶೇಷ ಲೆಕ್ಕ ತಪಾಸಣಾಧಿಕಾರಿ ಸ್ಟುವರ್ಟ್ ಬೋವನ್ ಅವರ ಕಚೇರಿ, ಅದನ್ನು ಹುಟ್ಟುಹಾಕಿದ್ದು ಅಮೆರಿಕ ಸಂಸತ್ತೇ. ತಮ್ಮದೇ ಸರ್ಕಾರದ ತಪ್ಪನ್ನು ಹೀಗೆ ಬರೆದಿಟ್ಟ ಆ ಕಚೇರಿಯ ಬಗ್ಗೆ ನನಗೆ ನಿಜವಾಗಿಯೂ ಗೌರವ ಇದೆ.

ನಮ್ಮ ಹಳ್ಳಿಗಳಲ್ಲಿ ನೀರು ಬಿಡುವವನನ್ನು ನೋಡಿದ್ದೀರಲ್ಲ. ಯಾವ ವಾಲ್ವ್ ಎಷ್ಟು ತಿರುಗಿಸಿದರೆ ಯಾವ ಕೇರಿಗೆ ನೀರು ಏರುತ್ತದೆ ಅನ್ನೋದು ಯಾವ ನಕ್ಷೆಯಲ್ಲೂ ಇರಲ್ಲ, ಅವನಿಗೆ ಗೊತ್ತಿರುತ್ತದೆ. ಅವನನ್ನು ಕೆಲಸದಿಂದ ತೆಗೆದು ಹೊಸ ಟ್ಯಾಂಕ್ ಕಟ್ಟಿಸಿದರೆ ಏನು ಪ್ರಯೋಜನ ಹೇಳಿ. ಇರಾಕ್‌ನಲ್ಲಿ ಆದದ್ದು ಇದೇ, ದೇಶದಷ್ಟು ದೊಡ್ಡದಾಗಿ.

2003ರಲ್ಲಿ ಇರಾಕ್‌ಗೆ ಸೈನ್ಯ ಕಳಿಸಿ ಅಂತ ಅಮೆರಿಕ ಭಾರತವನ್ನೂ ಕೇಳಿತ್ತು. ವಾಜಪೇಯಿ ಸರ್ಕಾರ ಜುಲೈನಲ್ಲಿ ಆಗಲ್ಲ ಅಂದಿತು. ಒಳ್ಳೆಯದೇ ಆಯಿತು.

ಉಕ್ರೇನ್ ವಿಷಯದಲ್ಲಿ ನನಗೆ ಸ್ವಲ್ಪ ಭರವಸೆ ಇದೆ. 2025ರ ಫೆಬ್ರವರಿಯ ಅಂದಾಜಿನಲ್ಲಿ ವಿಶ್ವಬ್ಯಾಂಕ್ ಮತ್ತು ಜೊತೆಯವರು ಹೇಳಿದ್ದು ಹತ್ತು ವರ್ಷಕ್ಕೆ 524 ಬಿಲಿಯನ್ ಡಾಲರ್. ದೊಡ್ಡ ಮೊತ್ತ. ಆದರೆ ಅಲ್ಲಿ ಮುನಿಸಿಪಾಲಿಟಿ ಬದುಕಿದೆ. ಮನೆ ಹಾಳಾದವರು ಮೊಬೈಲ್‌ನಲ್ಲಿ ಸರ್ಕಾರದ ದಿಯಾ ಆ್ಯಪ್ ತೆರೆದು ಅರ್ಜಿ ಹಾಕುತ್ತಾರೆ, ಊರಿನ ಸಮಿತಿ ಬಂದು ನೋಡುತ್ತದೆ, ರಿಪೇರಿಗೆ ಹಣ ಬರುತ್ತದೆ. ಇದು ಯುದ್ಧ ನಡೆಯುತ್ತಿರುವಾಗಲೇ, 2023ರಿಂದ ನಡೆಯುತ್ತಿದೆ. ನಮ್ಮ ಕರ್ನಾಟಕದ ಎಷ್ಟೋ ಮಕ್ಕಳು ಮೆಡಿಕಲ್ ಓದಿದ ಖಾರ್ಕೀವ್‌ನಲ್ಲಿ ಮೆಟ್ರೋ ಸ್ಟೇಷನ್ ಒಳಗೆ ಶಾಲೆ ನಡೆಸಿದರು. ಮೇಷ್ಟ್ರು ಇದ್ದರು, ಆದ್ದರಿಂದ ಶಾಲೆ ಇತ್ತು.

ಗಾಜಾದ್ದು ಬೇರೆ ಕಥೆ, ನೆನೆದರೆ ಹೊಟ್ಟೆ ಉರಿಯುತ್ತದೆ. 5 ಕೋಟಿ ಟನ್‌ಗೂ ಹೆಚ್ಚು ಅವಶೇಷ, ಅದರ ಅಡಿಯಲ್ಲಿ ಸಿಡಿಯದ ಬಾಂಬು, ಕಲ್ನಾರು, ಹೆಣಗಳು. ಅದನ್ನು ಎತ್ತುವ ಮೊದಲು ಯಾವ ಮನೆ ಯಾರದ್ದು ಅಂತ ಬರೆದಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ನೆಲ ಸಮ ಆದ ದಿನ ಮಾಲೀಕರ ಹಕ್ಕೂ ನೆಲಸಮ. ಅಲ್ಲಿನ ನಗರಸಭೆಗಳ ಎಂಜಿನಿಯರ್‌ಗಳು, ನರ್ಸ್‌ಗಳು, ಶಿಕ್ಷಕರಲ್ಲಿ ಯಾರು ಉಳಿದಿದ್ದಾರೆ, ಅವರಲ್ಲಿ ಯಾರ ಕೈ ಶುದ್ಧ, ಯಾರದಲ್ಲ ಅಂತ ಒಬ್ಬೊಬ್ಬರನ್ನೇ ನೋಡಿ ತೀರ್ಮಾನ ಮಾಡುವವರು ಯಾರು? ಹಮಾಸ್ ಆಡಳಿತದಲ್ಲಿ ಸಂಬಳ ತೆಗೆದುಕೊಂಡರು ಅನ್ನುವ ಒಂದೇ ಕಾರಣಕ್ಕೆ ಎಲ್ಲರನ್ನೂ ಗುಡಿಸಿ ಹಾಕಿದರೆ 2003ರ ಮೇ ತಿಂಗಳು ಮತ್ತೆ ಬರುತ್ತದೆ. ಗಾಜಿನ ಟವರ್‌ಗಳ ಚಿತ್ರ ಶೇರ್ ಮಾಡುವವರು ದಯವಿಟ್ಟು ಈ ಪ್ರಶ್ನೆಗೆ ಉತ್ತರ ಎಲ್ಲಿದೆ ಅಂತ ಹುಡುಕಿ, ಸಿಕ್ಕರೆ ಕಾಮೆಂಟ್‌ನಲ್ಲಿ ಹಾಕಿ.