ನಾನೇ ಕಂಪೈಲ್ ಮಾಡಿದ ಪ್ಲೇಯರ್

ನೇರವಾಗಿ ಹಾಕಿಕೊಳ್ಳಬಹುದಾದ ಸಿದ್ಧ ಪ್ಯಾಕೇಜು ಕೈಗೆಟಕುವಂತಿರುವಾಗ, ಪ್ರೋಗ್ರಾಂನ ಮೂಲ ಬರಹವಾದ ಸೋರ್ಸ್ ಕೋಡ್ ತಂದು ಕಂಪೈಲ್ ಮಾಡಲು, ಅಂದರೆ ಅದನ್ನು ಗಣಕ ಓಡಿಸಬಲ್ಲ ರೂಪಕ್ಕೆ ತರಲು, ಕೂರುವವನಿಗೆ ಅಗತ್ಯವಿರಬೇಕು, ಇಲ್ಲವೇ ಜಂಬವಿರಬೇಕು. ನನಗಿದ್ದದ್ದು ಎರಡನೆಯದು.

ನನ್ನ ಲಿನಕ್ಸ್ ಗಣಕದ ವಿಡಿಯೋ ಪ್ಲೇಯರ್‌ನಲ್ಲಿ ಸಬ್‌ಟೈಟಲ್ ಆಗಾಗ ಮಿಣುಕುತ್ತಿತ್ತು. ಹೊಸ ಆವೃತ್ತಿಯಲ್ಲಿ ಅದು ಸರಿಹೋಗಿದೆ ಎಂದು ಓದಿದೆ. ಪ್ಯಾಕೇಜು ಬರಲು ಕೆಲವು ವಾರ ಕಾಯಬೇಕಿತ್ತು. ಕಾಯುವುದು ಸಾಮಾನ್ಯರ ಕೆಲಸ ಎಂದುಕೊಂಡು ಸೋರ್ಸ್ ಇಳಿಸಿಕೊಂಡೆ. ಬೀದಿಯಲ್ಲಿ ಹೋಗುತ್ತಿದ್ದ ಮಾರಿಯನ್ನು ಮನೆಗೆ ಕರೆಯುವುದೆಂದರೆ ಇದೇ.

ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್. ಗಣಕವನ್ನು ಪರೀಕ್ಷಿಸಲು, ಕಂಪೈಲ್ ಮಾಡಲು, ಗಣಕಕ್ಕೆ ಸೇರಿಸಲು ಮೂರೇ ಆಜ್ಞೆ. ಮೊದಲನೆಯದು ನನ್ನ ಗಣಕವನ್ನು ಸಾಲುಸಾಲಾಗಿ ವಿಚಾರಣೆ ಮಾಡಿತು. ನಡುವೆ 'ನಿರ್ಮಾಣದ ಪರಿಸರ ಸ್ವಸ್ಥವಾಗಿದೆಯೇ?' ಎಂದು ಕೇಳಿಕೊಂಡು, ತಾನೇ 'ಹೌದು' ಎಂದಿತು. ಕುರ್ಚಿಯಲ್ಲಿ ಕೂತವನ ಸ್ವಾಸ್ಥ್ಯವನ್ನು ವಿಚಾರಿಸಲಿಲ್ಲ. ಆಮೇಲೆ ಒಂದು ಲೈಬ್ರರಿ (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡ್) ಇಲ್ಲವೆಂದು ನಿಂತುಬಿಟ್ಟಿತು. ಲೈಬ್ರರಿ ಇತ್ತು, ಕಂಪೈಲ್ ಮಾಡುವಾಗ ಬೇಕಾಗುವ ಅದರ ಹೆಡರ್ ಕಡತಗಳಿರಲಿಲ್ಲ. ಅವು ಬೇಕೆಂದರೆ ಹೆಸರಿನ ಕೊನೆಗೆ 'ಡೆವ್' ಎಂದಿರುವ ಇನ್ನೊಂದು ಪ್ಯಾಕೇಜು ಹಾಕಬೇಕು. ಅದನ್ನು ಹಾಕಿದರೆ ಮುಂದಿನ ಲೈಬ್ರರಿಯ ತಕರಾರು. ಸಿದ್ಧ ಪ್ಯಾಕೇಜೊಂದು ಬೇಡವೆಂದವನು ಊಟದ ಹೊತ್ತಿಗೆ 19 ಸಿದ್ಧ ಪ್ಯಾಕೇಜುಗಳನ್ನು ಹಾಕಿಕೊಂಡಿದ್ದೆ.

ನಂತರ ಮೇಕ್. ಎಚ್ಚರಿಕೆಗಳನ್ನೂ ದೋಷಗಳೆಂದೇ ಎಣಿಸುವ ಒಂದು ಆಯ್ಕೆಯಿಂದಾಗಿ ಕೆಲಸ ನಡುವೆಯೇ ನಿಂತಿತು. ಅದೊಂದು ಪದವನ್ನು, ಏನೇನು ಮಾಡಬೇಕೆಂದು ಮೇಕ್‌ಗೆ ಹೇಳುವ ಮೇಕ್‌ಫೈಲ್ ಎಂಬ ಕಡತದಿಂದ ಅಳಿಸಿ, ಕಡತವನ್ನು ಸೇವ್ ಮಾಡಿದೆ. ಈಗ ಮೇಕ್ ಕಡತವನ್ನು ಓದಲೇ ಒಲ್ಲದು. ಅದರಲ್ಲಿ ಆಜ್ಞೆಯ ಸಾಲುಗಳು ಟ್ಯಾಬ್‌ನಿಂದಲೇ ಆರಂಭವಾಗಬೇಕು. ನನ್ನ ಎಡಿಟರ್ ಉಪಕಾರ ಮಾಡುವ ಉತ್ಸಾಹದಲ್ಲಿ ಟ್ಯಾಬ್‌ಗಳನ್ನೆಲ್ಲ ಸ್ಪೇಸ್‌ಗಳಾಗಿಸಿತ್ತು. ಕಣ್ಣಿಗೆ ಎರಡೂ ಒಂದೇ ಖಾಲಿ ಜಾಗ. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಮೇಕ್ ಬರೆದಾಗ ಮಾಡಿದ ಈ ನಿಯಮ ಇಂದಿಗೂ ಜಾರಿಯಲ್ಲಿದೆ. ಕಾಣದ ಅಕ್ಷರವೊಂದನ್ನು ಹುಡುಕುತ್ತಾ ನಾನು ಒಂದು ಗಂಟೆ ಕಳೆದೆ.

ಬೇಗ ಮುಗಿಯಲೆಂದು ಮೇಕ್‌ಗೆ 'ಜೆ' ಆಯ್ಕೆಯನ್ನೂ ಕೊಟ್ಟೆ. ಏಕಕಾಲಕ್ಕೆ ಎಷ್ಟು ಕೆಲಸ ನಡೆಯಬೇಕೆಂದು ಅದರ ಪಕ್ಕದಲ್ಲಿ ಸಂಖ್ಯೆ ಬರೆಯಬೇಕು. ಬರೆಯದಿದ್ದರೆ ಮಿತಿಯೇ ಇಲ್ಲವೆಂದು ಅರ್ಥ. ನಾನು ಬರೆದಿರಲಿಲ್ಲ. ಫ್ಯಾನು ಭೋರ್ಗರೆಯಿತು, ಮೌಸಿನ ಬಾಣ ನಿಂತಲ್ಲೇ ನಿಂತಿತು. ಗೆಳೆಯನಿಗೆ ಫೋನ್ ಮಾಡಿ ಗೋಳು ಹೇಳಿಕೊಂಡರೆ ಅವನು, "ಗಣಕವನ್ನು ಆರಿಸು, ನೀನೂ ಮಲಗು" ಎಂದ. ಮೊದಲರ್ಧವನ್ನು ಮಾತ್ರ ಪಾಲಿಸಿದೆ.

ಗಣಕವನ್ನು ಮತ್ತೆ ಹಚ್ಚಿ ಕೂತೆ. ನಡುರಾತ್ರಿಯ ಹೊತ್ತಿಗೆ ಇನ್‌ಸ್ಟಾಲ್ ಆಯಿತು. ಆವೃತ್ತಿ ಯಾವುದೆಂದು ಕೇಳಿದರೆ ಹಳೆಯದನ್ನೇ ಹೇಳಿತು! ಹಿಂದೆ ಓಡಿಸಿದ ಪ್ರೋಗ್ರಾಂ ಎಲ್ಲಿತ್ತೆಂದು, ಟರ್ಮಿನಲ್‌ನಲ್ಲಿ ನಮ್ಮ ಆಜ್ಞೆಗಳನ್ನು ಓದಿ ನಡೆಸುವ ಶೆಲ್ ನೆನಪಿಟ್ಟುಕೊಂಡಿರುತ್ತದೆಯಂತೆ. ಹೊಸ ಟರ್ಮಿನಲ್ ತೆರೆದ ಮೇಲೆ ಹೊಸ ಆವೃತ್ತಿ ಬಂತು. ಸಬ್‌ಟೈಟಲ್ ಕಲ್ಲಿನಂತೆ ನಿಂತಿತು. ನನ್ನ ಕಣ್ಣು ಮಾತ್ರ ಮಿಣುಕುತ್ತಿತ್ತು.

ಬೆಳಿಗ್ಗೆ ಮೆನುವಿನ ಐಕಾನ್ ಒತ್ತಿದರೆ ಮತ್ತೆ ಹಳೆಯದೇ ತೆರೆಯಿತು. ಹೊಸದನ್ನು ತೆಗೆದುಹಾಕಿ ಪ್ಯಾಕೇಜಿಗೇ ಕಾಯೋಣವೆಂದು ಮೇಕ್ ಅನ್‌ಇನ್‌ಸ್ಟಾಲ್ ಎಂದೆ. ಅಂಥ ನಿಯಮವೇ ಇಲ್ಲವೆಂದಿತು. ಪ್ಯಾಕೇಜು ವ್ಯವಸ್ಥೆಯಾದರೆ ಯಾವ ಕಡತವನ್ನು ಎಲ್ಲಿಟ್ಟೆನೆಂದು ಲೆಕ್ಕ ಬರೆದಿಡುತ್ತದೆ. ನಾನು ಹರಡಿದ್ದಕ್ಕೆ ಲೆಕ್ಕ ಬರೆದವರಿಲ್ಲ.

ಸದ್ಯಕ್ಕೆ ಎರಡೂ ಒಂದೇ ಗಣಕದಲ್ಲಿ ಸಂಸಾರ ಹೂಡಿವೆ. ಕರೆದಾಗ ಯಾವುದು ಬಂದಿದೆಯೆಂದು ತಿಳಿಯಲು ಸಬ್‌ಟೈಟಲ್ ಮಿಣುಕುತ್ತದೆಯೇ ಎಂದು ನೋಡುತ್ತೇನೆ.